ಫ್ಲೈಸ್ಕೈ ಐ6 ರಿಮೋಟಿಗೆ ಆರು ಹಂತದ ನಾಬ್ ಹಾಕಿದೆ, ನಾಲ್ಕೇ ಮೋಡ್ ಬರುತ್ತಿವೆ

ಥರ್ಮೋಕೋಲ್_ಹಕ್ಕಿ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಇರುವುದು ಫ್ಲೈಸ್ಕೈ ಎಫ್‌ಎಸ್-ಐ6, ರಿಸೀವರ್ ಐಎ6ಬಿ. ಫೋಮ್ ವಿಮಾನದಲ್ಲಿ ಆರ್ಡುಪ್ಲೇನ್ (ವಿಮಾನವನ್ನು ತಾನೇ ಹಾರಿಸಬಲ್ಲ ಆಟೋಪೈಲಟ್ ಸಾಫ್ಟ್‌ವೇರ್) ಹಾಕಿದ್ದೇನೆ. ಈ ರಿಮೋಟಿನಲ್ಲಿ ಮೂರು ಹಂತದ ಸ್ವಿಚ್ ಒಂದೇ ಇರುವುದು (ಎಸ್‌ಡಬ್ಲ್ಯೂಸಿ), ಉಳಿದ ಮೂರೂ ಎರಡು ಹಂತದವು. ನನಗೆ ಆರು ಮೋಡ್ (ಆಟೋಪೈಲಟ್ ಹಾರಿಸುವ ವಿಧಾನ) ಬೇಕು. ಎರಡು ಸ್ವಿಚ್ ಮಿಕ್ಸ್ ಮಾಡಿ ಆರು ತರಬಹುದು ಅಂತ ಗೊತ್ತು, ಸ್ವಲ್ಪ ದಿನ ಹಾಗೇ ಹಾರಿಸಿದೆ ಕೂಡ. ಆದರೆ ವಿಮಾನ ದೂರ ಹೋಗಿ ಗಾಬರಿಯಾದಾಗ ಯಾವ ಸ್ವಿಚ್ ಮೇಲೆ, ಯಾವುದು ಕೆಳಗೆ ಅಂತ ನೆನಪೇ ಆಗುವುದಿಲ್ಲ.

ಅದಕ್ಕೆ ಬೆಂಗಳೂರಿನ ಎಸ್‌ಪಿ ರೋಡಿನಿಂದ ಒಂದು ರೋಟರಿ ಸ್ವಿಚ್ ತಂದೆ. ಒಂದು ಪೋಲ್ (ನಡುಗಾಲು), ಹನ್ನೆರಡು ವೇ (ಹಂತ), ಒಳಗಿನ ವಾಷರ್ ತಿರುಗಿಸಿ ಆರಕ್ಕೆ ನಿಲ್ಲಿಸಿದೆ. ರಿಮೋಟಿನ ವಿಆರ್‌ಎ ಪಾಟ್ (ತಿರುಗಿಸುವ ನಾಬಿನ ಕೆಳಗಿನ ಪೊಟೆನ್ಶಿಯೋಮೀಟರ್) ಬಿಚ್ಚಿ, ಅದರ ಮೂರು ತಂತಿಗಳನ್ನು ಇದಕ್ಕೆ ಕೊಟ್ಟೆ. ಆರು ಕಾಲುಗಳ ನಡುವೆ ಐದು 1ಕೆ ರೆಸಿಸ್ಟರ್, ಎರಡು ತುದಿಗೆ ಪಾಟಿನ ಎರಡು ತುದಿ, ನಡುಗಾಲಿಗೆ ನಡುತಂತಿ. ಆಕ್ಸ್ ಚಾನೆಲ್ಸ್ ಮೆನುವಿನಲ್ಲಿ ಚಾನೆಲ್ 5ಕ್ಕೆ ವಿಆರ್‌ಎ ಕೊಟ್ಟೆ. ಆರ್ಡುಪ್ಲೇನ್‌ನಲ್ಲಿ ಮೋಡ್ ಚಾನೆಲ್ ಮೊದಲಿಂದ 8 ಇರುತ್ತದೆ, ಅದನ್ನೂ 5 ಮಾಡಿದೆ.

ಈಗ ಮಿಷನ್ ಪ್ಲಾನರ್‌ನಲ್ಲಿ (ಆರ್ಡುಪ್ಲೇನ್ ಸೆಟ್ ಮಾಡುವ ಕಂಪ್ಯೂಟರ್ ಪ್ರೋಗ್ರಾಂ) ನೋಡಿದರೆ ಒಂದನೇ ಹಂತ, ಎರಡನೇ ಹಂತ ಎರಡಕ್ಕೂ ಮ್ಯಾನ್ಯುಯಲ್ ಹಸಿರಾಗುತ್ತದೆ. ಮೂರು, ನಾಲ್ಕು ಸರಿ. ಐದು, ಆರು ಎರಡಕ್ಕೂ ಆರ್‌ಟಿಎಲ್ (ವಿಮಾನ ತಾನೇ ಹೊರಟ ಜಾಗಕ್ಕೆ ವಾಪಸ್ ಬರುವ ಮೋಡ್). ಎರಡನೆಯದಾಗಿ ಇಟ್ಟ ಎಫ್‌ಬಿಡಬ್ಲ್ಯೂಎ (ಸ್ಟಿಕ್ ಬಿಟ್ಟರೆ ವಿಮಾನವನ್ನು ತಾನೇ ನೇರ ಮಾಡುವ ಮೋಡ್) ಬರುವುದೇ ಇಲ್ಲ, ನನಗೆ ಬೇಕಾದದ್ದೇ ಅದು. ಸೋಲ್ಡರ್ ಎರಡು ಸಲ ನೋಡಿದೆ, ರೆಸಿಸ್ಟರ್ ಒಂದೊಂದೂ ಮೀಟರ್‌ನಲ್ಲಿ ಸರಿಯಾಗೇ ತೋರಿಸುತ್ತದೆ. ಎಲ್ಲಿ ಎಡವಿದೆ?

ಬೆಸುಗೆ_ಮಾವ:
ನಿಮ್ಮ ಬೆಸುಗೆ ಸರಿಯಾಗೇ ಇದೆ, ಲೆಕ್ಕ ತಪ್ಪಿದೆ. ನಾನೂ ಇದೇ ಗುಂಡಿಗೆ ಬಿದ್ದವನು.

ಐದು ಸಮ ರೆಸಿಸ್ಟರ್ ಹಾಕಿದರೆ ಸಿಗುವುದು ಸುಮಾರು 1000, 1200, 1400, 1600, 1800, 2000 ಮೈಕ್ರೋಸೆಕೆಂಡ್ (ಚಾನೆಲ್‌ನ ಬೆಲೆ ಅಳೆಯುವುದು ಇದರಲ್ಲೇ). ಆದರೆ ಆರ್ಡುಪೈಲಟ್ (ನಿಮ್ಮ ಆರ್ಡುಪ್ಲೇನ್ ಇದರದ್ದೇ ಭಾಗ) ಈ ಹರವನ್ನು ಸಮವಾಗಿ ಹಂಚುವುದಿಲ್ಲ. 1230ರವರೆಗೆ ಮೊದಲನೇ ಮೋಡ್, 1360ರವರೆಗೆ ಎರಡನೆಯದು, 1490ರವರೆಗೆ ಮೂರನೆಯದು, 1620ರವರೆಗೆ ನಾಲ್ಕನೆಯದು, 1749ರವರೆಗೆ ಐದನೆಯದು, 1750ರಿಂದ ಮೇಲೆಲ್ಲ ಆರನೆಯದು. ನಡುವಿನ ನಾಲ್ಕು ಮನೆ ಚಿಕ್ಕವು, ತುದಿಯ ಎರಡು ದೊಡ್ಡವು. ನಿಮ್ಮ 1000, 1200 ಎರಡೂ ಮೊದಲನೇ ಮನೆಯಲ್ಲಿ, 1800, 2000 ಎರಡೂ ಕೊನೇ ಮನೆಯಲ್ಲಿ ಕೂತಿವೆ. ಎರಡನೇ ಮತ್ತು ಐದನೇ ಮನೆ ಖಾಲಿ.

ಪರಿಹಾರ ಸುಲಭ. ಐದು 1ಕೆ ಹಾಗೇ ಇರಲಿ. ಗ್ರೌಂಡ್ ಕಡೆಯ ತಂತಿಯ ಮಧ್ಯೆ ಒಂದು 1.2ಕೆ, ವೋಲ್ಟೇಜ್ ಕಡೆಯ ತಂತಿಯ ಮಧ್ಯೆ ಒಂದು 1.5ಕೆ ಹಾಕಿ. ಒಟ್ಟು 7.7ಕೆ. ಆಗ ಸಿಗುವುದು ಸುಮಾರು 1156, 1286, 1416, 1545, 1675, 1805. ಆರೂ ತಮ್ಮ ತಮ್ಮ ಮನೆಯ ನಡುವೆ ಬಂದು ಕೂರುತ್ತವೆ.

ಇನ್ನೊಂದು ಮಾತು, ಇದನ್ನು ಓದಿ ಬೇರೆಯವರು ಕೈ ಹಾಕಬಹುದು, ಅದಕ್ಕೆ ಹೇಳುತ್ತಿದ್ದೇನೆ. ವೋಲ್ಟೇಜ್ ಪಾಟಿನ ಕಾಲಿನಿಂದಲೇ ತೆಗೆದುಕೊಳ್ಳಿ. ಬ್ಯಾಟರಿ ಹತ್ತಿರ ಇದೆ ಅಂತ ಅಲ್ಲಿಂದ ಎಳೆಯಬೇಡಿ. ನಾಲ್ಕು ಸೆಲ್ ಅಂದರೆ 6 ವೋಲ್ಟ್, ಒಳಗಿನ ಚಿಪ್ ಇರುವುದು 3.3 ವೋಲ್ಟಿನದು, ಆ ಪಿನ್ ಸುಟ್ಟರೆ ರಿಮೋಟೇ ಹೋಯಿತು. ಕವರ್ ತೆಗೆಯುವ ಮೊದಲು ಸೆಲ್ ತೆಗೆದಿಡಿ, ಹಿಂಬದಿಯನ್ನು ಜೋರಾಗಿ ಎಳೆಯಬೇಡಿ. ಬ್ಯಾಟರಿ ಡಬ್ಬಿಯ ತಂತಿ ಅದಕ್ಕೇ ಅಂಟಿಕೊಂಡಿರುತ್ತದೆ.

ಸುಮ್ನೆ_ಹಾರ್ಸು:
ಅಯ್ಯೋ, ಮತ್ತೆ ಕವರ್ ಯಾಕೆ ಬಿಚ್ಚಬೇಕು? ರಿಮೋಟಿನ ಎಂಡ್ ಪಾಯಿಂಟ್ಸ್ (ಚಾನೆಲ್ ಎಲ್ಲಿಂದ ಎಲ್ಲಿಯವರೆಗೆ ಹೋಗಬೇಕು ಅನ್ನುವ) ಮೆನುವಿಗೆ ಹೋಗಿ, ಚಾನೆಲ್ 5ಕ್ಕೆ ಎರಡೂ ಕಡೆ 100 ಇರುವುದನ್ನು 65 ಮಾಡಿ. 1000ದಿಂದ 2000 ಇದ್ದದ್ದು 1175ರಿಂದ 1825ಕ್ಕೆ ಕುಗ್ಗುತ್ತದೆ, ಹಂತಕ್ಕೆ 130ರಂತೆ. 1175, 1305, 1435, 1565, 1695, 1825. ಆರೂ ಮೋಡ್ ಬಂತು, ಐದು ನಿಮಿಷದ ಕೆಲಸ. ಮೆನುವಿನಿಂದ ಹೊರಗೆ ಬರುವಾಗ ಕ್ಯಾನ್ಸಲ್ ಬಟನ್ ಒತ್ತಿ ಹಿಡಿಯಿರಿ, ಸುಮ್ನೆ ಒಮ್ಮೆ ಒತ್ತಿದರೆ ಸೇವ್ ಆಗುವುದಿಲ್ಲ (ಕ್ಯಾನ್ಸಲ್ ಒತ್ತಿದರೆ ಸೇವ್ ಆಗಬೇಕು ಅಂತ ಯಾವ ಪುಣ್ಯಾತ್ಮನಿಗೆ ಹೊಳೆಯಿತೋ).

ಬೆಸುಗೆ_ಮಾವ:
ಹೌದು ಗುರು, ಇದು ನನಗೆ ಹೊಳೆಯಲೇ ಇಲ್ಲ, ಕಬ್ಬಿಣ ಕಾಯಿಸುವುದೇ ಅಭ್ಯಾಸ ಆಗಿಬಿಟ್ಟಿದೆ. ಸದ್ಯಕ್ಕೆ ಹಾಗೇ ಮಾಡಿ ನೋಡಿ.

ಆದರೂ ನಾನು ರೆಸಿಸ್ಟರ್ ಪರ. ಎಂಡ್ ಪಾಯಿಂಟ್ ಒಂದೊಂದು ಮಾಡೆಲ್‌ಗೂ ಬೇರೆ ಬೇರೆ ಉಳಿಯುತ್ತದೆ. ನಾಳೆ ಹೊಸ ವಿಮಾನಕ್ಕೆ ಹೊಸ ಮಾಡೆಲ್ ತೆರೆದರೆ ಅದು ಮತ್ತೆ 100ರಲ್ಲಿ ಕೂತಿರುತ್ತದೆ. 65 ಮಾಡಲು ಮರೆತರೆ ಐದನೇ ಹಂತದ ಲಾಯ್ಟರ್ (ಒಂದೇ ಜಾಗದಲ್ಲಿ ಸುತ್ತುವ ಮೋಡ್) ಅಂತ ತಿರುಗಿಸಿದ್ದು ಆರ್‌ಟಿಎಲ್‌ಗೆ ಹೋಗುತ್ತದೆ. ರೆಸಿಸ್ಟರ್ ಆದರೆ ಎಲ್ಲ ಮಾಡೆಲ್‌ಗೂ ಒಂದೇ.

ಥರ್ಮೋಕೋಲ್_ಹಕ್ಕಿ:
65 ಮಾಡಿದೆ, ಆರೂ ಬಂದವು! ಇಬ್ಬರಿಗೂ ಥ್ಯಾಂಕ್ಸ್. ಆದರೆ ಇನ್ನೊಂದು ಕಾಟ ಇದೆ. ನಾಬ್ ನಿಧಾನವಾಗಿ ತಿರುಗಿಸಿದರೆ ಎರಡು ಹಂತಗಳ ನಡುವೆ ಹಸಿರು ಪಟ್ಟಿ ಎಲ್ಲೆಲ್ಲಿಗೋ ಹಾರಿ ವಾಪಸ್ ಬರುತ್ತದೆ. ಎರಡರಿಂದ ಮೂರಕ್ಕೆ ಹೋಗುವಾಗ ಒಮ್ಮೆ ಆರಕ್ಕೇ ಹೋಗಿತ್ತು. ಬೇಗ ತಿರುಗಿಸಿದರೆ ಏನೂ ಆಗುವುದಿಲ್ಲ.

ಎಲ್ಲೋ_ಬಿತ್ತು:
ಅದು ನಿಮ್ಮ ಸ್ವಿಚ್ಚಿನ ಜಾತಿ. ಹಳೇ ರೇಡಿಯೋ ರಿಪೇರಿಯವರು ಬ್ಯಾಂಡ್ ಸ್ವಿಚ್ ಅನ್ನುವುದು ಇದನ್ನೇ. ಇದರಲ್ಲಿ ಎರಡು ತರಹ. ಒಂದು ತರಹದ್ದು ಮುಂದಿನ ಕಾಲನ್ನು ಹಿಡಿದ ಮೇಲೆ ಹಿಂದಿನದನ್ನು ಬಿಡುತ್ತದೆ. ಇನ್ನೊಂದು ಮೊದಲು ಬಿಟ್ಟು ಆಮೇಲೆ ಹಿಡಿಯುತ್ತದೆ. ನಿಮ್ಮದು ಎರಡನೆಯದು. ಬಿಟ್ಟ ಆ ಕ್ಷಣ ನಡುತಂತಿ ಎಲ್ಲಿಗೂ ಸೇರದೆ ತೇಲುತ್ತಿರುತ್ತದೆ, ಚಿಪ್ ಏನು ಬೇಕಾದರೂ ಓದಬಹುದು. ಬೇಗ ತಿರುಗಿಸಿದಾಗ ಕಾಣದಿರುವುದಕ್ಕೆ ಕಾರಣ, ಮೋಡ್ ಬದಲಿಸುವ ಮೊದಲು ಆರ್ಡುಪೈಲಟ್ ಆ ಬೆಲೆ ಸ್ವಲ್ಪ ಹೊತ್ತು ನಿಲ್ಲಲಿ ಅಂತ ಕಾಯುತ್ತದೆ.

ಹಿಡಿದು ಬಿಡುವ ತರಹದ್ದು ಸಿಕ್ಕರೆ ಅದನ್ನೇ ಹಾಕಿ. ಅಂಗಡಿಯಲ್ಲಿ ಶಾರ್ಟಿಂಗ್ ಟೈಪ್ ಅಂತ ಕೇಳಿ. ಅದರಲ್ಲಿ ಎರಡು ಕಾಲು ಒಟ್ಟಿಗೆ ತಾಗಿದರೂ ಬೆಲೆ ಆ ಎರಡರ ನಡುವೆಯೇ ಇರುತ್ತದೆ, ದೂರ ಹಾರುವುದಿಲ್ಲ. ಸಿಗದಿದ್ದರೆ ನಡುತಂತಿಯಿಂದ ಗ್ರೌಂಡಿಗೆ ಒಂದು 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್, ಮೈಮೇಲೆ 104 ಅಂತ ಬರೆದಿರುತ್ತದಲ್ಲ, ಅದು. ಸ್ವಿಚ್ ಬಿಟ್ಟಾಗ ಹಳೇ ವೋಲ್ಟೇಜನ್ನು ಒಂದು ಗಳಿಗೆ ಹಿಡಿದಿಡುತ್ತದೆ. ನಾಬನ್ನು ಎರಡು ಹಂತದ ಮಧ್ಯೆ ಬೇಕಂತಲೇ ನಿಲ್ಲಿಸಿದರೆ ಅದೂ ಕೈಕೊಡುತ್ತದೆ, ಹಾಗೆ ಮಾಡಬೇಡಿ ಅಷ್ಟೇ.

ಇನ್ನು ಮೋಡ್ ಜೋಡಿಸುವಾಗ ಆರ್‌ಟಿಎಲ್ ಯಾವಾಗಲೂ ಒಂದು ತುದಿಗೇ ಇರಲಿ. ಕಣ್ಣು ಆಕಾಶದಲ್ಲಿರುವಾಗ ನಾಬ್ ನೋಡಲು ಆಗುವುದಿಲ್ಲ, ಕಡೆಗೆ ತಾಗುವವರೆಗೆ ತಿರುಗಿಸಿದರೆ ಆರ್‌ಟಿಎಲ್ ಅಂತ ಕೈಗೇ ಗೊತ್ತಾಗಬೇಕು. ನಾನು ಒಮ್ಮೆ ಅದನ್ನು ನಾಲ್ಕನೆಯದಾಗಿ ಇಟ್ಟು ಎಣಿಸುತ್ತಾ ಕೂತಿದ್ದೆ. ವಿಮಾನ ತೆಂಗಿನ ತೋಟಕ್ಕೆ ಹೋಯಿತು. ಇಲ್ಲಿ ನನ್ನ ಹೆಸರು ಹಾಗೇ ಬಂದದ್ದು.

ಸುಮ್ನೆ_ಹಾರ್ಸು:
ಫೇಲ್‌ಸೇಫ್ (ರಿಮೋಟಿನ ಸಿಗ್ನಲ್ ತಪ್ಪಿದರೆ ರಿಸೀವರ್ ಕೊಡುವ ಬೆಲೆ) ಕೂಡ ಮತ್ತೊಮ್ಮೆ ಸೆಟ್ ಮಾಡಿ. ಮೊದಲು ಚಾನೆಲ್ 5ಕ್ಕೆ ಉಳಿಸಿದ್ದ ಬೆಲೆ ಈಗ ಬೇರೆ ಮೋಡ್ ಆಗಿರಬಹುದು. ಪ್ರೊಪೆಲ್ಲರ್ ಬಿಚ್ಚಿಟ್ಟು, ರಿಮೋಟ್ ಆಫ್ ಮಾಡಿ, ಯಾವ ಮೋಡ್‌ಗೆ ಹೋಗುತ್ತದೆ ಅಂತ ಪರದೆಯಲ್ಲೇ ನೋಡಿ.

ಥರ್ಮೋಕೋಲ್_ಹಕ್ಕಿ:
104 ಹಾಕಿದೆ, ಹಸಿರು ಪಟ್ಟಿಯ ಹಾರಾಟ ನಿಂತಿತು. ಹೇಗಿದ್ದರೂ ಕವರ್ ಬಿಚ್ಚಿದ್ದೆ ಅಂತ 1.2ಕೆ, 1.5ಕೆ ಎರಡನ್ನೂ ಹಾಕಿ, ಎಂಡ್ ಪಾಯಿಂಟ್ ವಾಪಸ್ 100 ಮಾಡಿದೆ. ಐದನೇ ಹಂತ 1672 ತೋರಿಸುತ್ತಿದೆ, ಮಾವನ ಲೆಕ್ಕಕ್ಕೆ ಮೂರೇ ಕಡಿಮೆ. ಫೇಲ್‌ಸೇಫ್ ನಿಜವಾಗಿಯೂ ಮ್ಯಾನ್ಯುಯಲ್‌ಗೆ ಹೋಗುತ್ತಿತ್ತು, ಈಗ ಆರ್‌ಟಿಎಲ್.

ಸ್ವಿಚ್ ದಪ್ಪ ಇದ್ದದ್ದಕ್ಕೆ ಪಾಟಿನ ಜಾಗದಲ್ಲಿ ಕೂರಲಿಲ್ಲ, ಪಕ್ಕದಲ್ಲಿ ಬೇರೆ ತೂತು ಕೊರೆದೆ. ಹಳೇ ತೂತು ಬಾಯಿ ತೆರೆದು ಕೂತಿದೆ, ಅಲ್ಲಿ ಇನ್ನೇನಾದರೂ ಹಾಕಬಹುದಾ?

ಬೆಸುಗೆ_ಮಾವ:
ಟೇಪ್ ಹಾಕಿ. ಒಳಗೆ ಧೂಳು ಹೋಗುತ್ತೆ.