ಕ್ಲ್ಯಾಂಪ್ ಮಾಡುವುದು ಅಂದರೆ ಬಿಗಿಯುವುದೋ, ಅದುಮುವುದೋ?

ಎಲ್ಲರಿಗೂ ನಮಸ್ಕಾರ.

ಒಂದು ಸಣ್ಣ ಪದಕ್ಕೆ ಸಿಕ್ಕಿಕೊಂಡು ಮೂರು ದಿನ ಆಯಿತು. ಹೈಡ್ರೋಜನ್‌ನಿಂದ ಕರೆಂಟ್ ಕೊಡುವ ಫ್ಯುಯೆಲ್ ಸೆಲ್‌ನ ತೆಳು ತಗಡುಗಳನ್ನು ಲೇಸರ್‌ನಿಂದ ಹೇಗೆ ಬೆಸೆಯುತ್ತಾರೆ ಅಂತ, ಹೊಸದಾಗಿ ಕೆಲಸ ಕಲಿಯುವವರಿಗೆ ಕನ್ನಡದಲ್ಲಿ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ. ಲೇಸರ್ ಬಗ್ಗೆ ಬರೆಯುವುದು ಕಷ್ಟವಾಗಲಿಲ್ಲ. ಪೆನ್ನು ನಿಂತಿದ್ದು 'ಕ್ಲ್ಯಾಂಪ್ ಮಾಡು' ಅನ್ನುವಲ್ಲಿ, ಅಂದರೆ ಬೆಸೆಯುವಾಗ ತಗಡುಗಳು ಅಲುಗದಂತೆ ಹಿಡಿದಿಡುವುದು.

ಮೊದಲ ಕರಡಿನಲ್ಲಿ 'ಎರಡೂ ತಗಡುಗಳನ್ನು ಚೆನ್ನಾಗಿ ಬಿಗಿಯಬೇಕು' ಎಂದು ಬರೆದಿದ್ದೆ. ಅದನ್ನು ಓದಿದ ಗೆಳೆಯರೊಬ್ಬರು 'ಹಾಗಾದ್ರೆ ನಾಲ್ಕು ಮೂಲೆಗೆ ನಾಲ್ಕು ಬೋಲ್ಟ್ ಹಾಕಿ ತಿರುಗಿಸಿದರೆ ಸಾಕಲ್ವಾ?' ಎಂದು ಕೇಳಿದರು. ಅವರ ತಪ್ಪೇನೂ ಇಲ್ಲ, ನನ್ನ ಪದವೇ ಅವರಿಗೆ ಹಾಗೆ ಹೇಳಿತು. ಆದರೆ ಕೆಲಸದಲ್ಲಿ ಹಾಗೆ ಮಾಡಿದರೆ ತಗಡು ಕೆಟ್ಟಿತು ಎಂದೇ ಲೆಕ್ಕ.

ಯಾಕೆ ಅಂತ ಸ್ವಲ್ಪ ಹೇಳುತ್ತೇನೆ, ಇಲ್ಲದಿದ್ದರೆ ಪದದ ಚರ್ಚೆ ಗಾಳಿಯಲ್ಲಿ ನಡೆದಂತಾಗುತ್ತದೆ. ಈ ತಗಡುಗಳು ಸ್ಟೇನ್‌ಲೆಸ್ ಸ್ಟೀಲ್‌ನವು, ದಪ್ಪ 0.1 ಮಿಲಿಮೀಟರ್, ಕೆಲವು ಕಡೆ 0.075. ಅವುಗಳ ಮೇಲೆ ಸಣ್ಣ ಸಣ್ಣ ಕಾಲುವೆಗಳನ್ನು ಅಚ್ಚಿನಿಂದ ಒತ್ತಿರುತ್ತಾರೆ. ಎರಡು ತಗಡುಗಳನ್ನು ಬೆನ್ನಿಗೆ ಬೆನ್ನು ಇಟ್ಟು ಬೆಸೆದರೆ ಒಂದು ಜೋಡಿ ಆಗುತ್ತದೆ. ಒಂದು ಮೈಮೇಲೆ ಹೈಡ್ರೋಜನ್ ಹರಿಯುತ್ತದೆ, ಇನ್ನೊಂದು ಮೈಮೇಲೆ ಗಾಳಿ, ನಡುವಿನ ಟೊಳ್ಳಿನಲ್ಲಿ ತಂಪು ಮಾಡುವ ನೀರು. ಬೆಸುಗೆ ಒಂದೇ ಒಂದು ಕಡೆ ತಪ್ಪಿದರೂ ಇವು ಒಂದರೊಳಗೊಂದು ಸೋರುತ್ತವೆ. ಅದಕ್ಕೇ ಬೆಸೆದ ಮೇಲೆ ಹೀಲಿಯಂ ಬಿಟ್ಟು ಸೋರಿಕೆ ಪರೀಕ್ಷೆ ಮಾಡುತ್ತಾರೆ. ಇಂಥ ಜೋಡಿಯೇ ಒಂದು ಸೆಲ್‌ಗೂ ಪಕ್ಕದ ಸೆಲ್‌ಗೂ ನಡುವಿನ ಗೋಡೆ, ಒಂದೆರಡು ಸಾಕಾಗುವುದಿಲ್ಲ. ಫ್ಯುಯೆಲ್ ಸೆಲ್‌ನಿಂದ ಓಡುವ ಟೊಯೊಟಾ ಮಿರಾಯ್ ಕಾರಿನ 2014ರ ಮಾದರಿಯಲ್ಲಿ 370 ಸೆಲ್‌ಗಳಿದ್ದವು, 2020ರ ಮಾದರಿಯಲ್ಲಿ 330. ಪ್ರತಿ ಎರಡು ಸೆಲ್ ನಡುವೆಯೂ ಒಂದು ಗೋಡೆ ಬೇಕು, ಒಂದೂ ಸೋರಬಾರದು.

ಈಗ ಸಂದಿನ ಮಾತು. ಬೆಸೆಯುವಾಗ ಎರಡು ತಗಡುಗಳ ನಡುವೆ ಸಂದು ಇರಬಾರದು. ಇದ್ದರೂ ತಗಡಿನ ದಪ್ಪದ ಹತ್ತನೇ ಒಂದು ಪಾಲಿಗಿಂತ ಕಡಿಮೆ ಇರಲಿ ಅನ್ನುವುದು ಕೆಲಸಗಾರರು ಇಟ್ಟುಕೊಳ್ಳುವ ಲೆಕ್ಕ. 0.1 ಮಿಲಿಮೀಟರ್‌ನ ಹತ್ತನೇ ಒಂದು ಅಂದರೆ 10 ಮೈಕ್ರಾನ್. ನಮ್ಮ ತಲೆಕೂದಲು ಇದರ ಐದಾರು ಪಟ್ಟಾದರೂ ದಪ್ಪ ಇರುತ್ತದೆ. ಸಂದು ಜಾಸ್ತಿಯಾದರೆ ಮೇಲಿನ ತಗಡು ಕರಗುತ್ತದೆ, ಕರಗಿದ ಲೋಹ ಕೆಳಗಿನದನ್ನು ಮುಟ್ಟುವ ಮೊದಲೇ ಅಂಚಿಗೆ ಎಳೆದುಕೊಂಡು ತೂತು ಬೀಳುತ್ತದೆ. ಇಲ್ಲಿ ಹೊರಗಿನಿಂದ ತಂತಿ ಕೊಟ್ಟು ಆ ತೂತು ತುಂಬುವ ಮಾತೇ ಇಲ್ಲ, ಇರುವ ತಗಡೇ ಕರಗಿ ಒಂದಾಗಬೇಕು.

ಇನ್ನು ಪದಗಳಿಗೆ ಬರುತ್ತೇನೆ.

'ಬಿಗಿ' ಅಂದರೆ ಎಳೆದು ಕಟ್ಟುವುದು, ತಿರುಗಿಸಿ ಗಟ್ಟಿ ಮಾಡುವುದು. ಹಗ್ಗ ಬಿಗಿಯುತ್ತೇವೆ, ನಟ್ಟು ಬಿಗಿಯುತ್ತೇವೆ. ಮೂಲೆಯಲ್ಲಿ ಬಿಗಿದರೆ ತೆಳು ತಗಡು ನಡುವೆ ಏಳುತ್ತದೆ. ಬೇಕಾದರೆ ಅಲ್ಯೂಮಿನಿಯಂ ಫಾಯಿಲ್‌ನ ಎರಡು ತುಂಡು ತೆಗೆದುಕೊಂಡು ಒಂದರ ಮೇಲೊಂದು ಇಟ್ಟು ಮೂಲೆಗಳನ್ನು ಕ್ಲಿಪ್ ಹಾಕಿ ನೋಡಿ, ನಡುವೆ ಉಬ್ಬಿಕೊಂಡಿರುತ್ತದೆ. ಈಗ ಕ್ಲಿಪ್ ತೆಗೆದು, ಫಾಯಿಲ್ ಮೇಲೆ ಎರಡು ಅಡಿಗೋಲುಗಳನ್ನು ಅಕ್ಕಪಕ್ಕ ಇಟ್ಟು, ಮಧ್ಯೆ ಒಂದು ಕಡ್ಡಿಯಷ್ಟು ಜಾಗ ಬಿಟ್ಟು, ಮೇಲಿಂದ ಕೈಯಿಟ್ಟು ಹಿಡಿಯಿರಿ. ಆ ಜಾಗದಲ್ಲಿ ಫಾಯಿಲ್ ಎರಡೂ ಒಂದಕ್ಕೊಂದು ಅಂಟಿಕೊಂಡಂತೆ ಕೂರುತ್ತವೆ. ಲೇಸರ್ ಕಿರಣ ಹರಿಯುವುದು ಇಂಥ ಜಾಗದಲ್ಲೇ. ಇದನ್ನು ಬಿಗಿಯುವುದು ಅಂತ ಹೇಗೆ ಹೇಳಲಿ?

'ಹಿಡಿ' ತೀರಾ ಅಗಲವಾದ ಪದ. 'ಕಚ್ಚು' ಅಂದರೆ ಇಕ್ಕಳ ಕಚ್ಚಿದ ಹಾಗೆ ಒಂದೇ ಬಿಂದುವಿನಲ್ಲಿ, ಗುರುತೂ ಉಳಿಯುತ್ತದೆ. 'ಒತ್ತು' ಚೆನ್ನಾಗಿತ್ತು, ಆದರೆ ಕಾಲುವೆಗಳನ್ನೂ ಅಚ್ಚಿನಲ್ಲಿ 'ಒತ್ತಿ'ಯೇ ಮಾಡುವುದರಿಂದ ನನ್ನ ಟಿಪ್ಪಣಿಯಲ್ಲಿ 'ಒತ್ತಿದ ತಗಡನ್ನು ಒತ್ತಿ' ಎಂದು ಬಂದು ಓದುವವರಿಗೆ ಗೊಂದಲ. 'ಅಮುಕು' ಅಂದರೆ ಹಣ್ಣು ಅಮುಕಿ ನೋಡಿದಂತೆ, ಅಮುಕಿದ್ದು ಚಪ್ಪಟೆಯಾಗುತ್ತದೆ, ಇಲ್ಲಿ ಕಾಲುವೆ ಚಪ್ಪಟೆಯಾದರೆ ಎಲ್ಲ ಹೋಯಿತು.

ಕೊನೆಗೆ ನನ್ನ ಮನಸ್ಸು ನಿಂತಿದ್ದು 'ಅದುಮು' ಅನ್ನುವುದರ ಮೇಲೆ. ರಕ್ತ ಬರುವ ಗಾಯದ ಮೇಲೆ ಬಟ್ಟೆ ಇಟ್ಟು ಅದುಮಿ ಹಿಡಿಯುತ್ತೇವೆ. ಬರುವ ಅಳುವನ್ನು ಅದುಮುತ್ತೇವೆ. ಮೇಲಿಂದ, ಹರಡಿಕೊಂಡು, ಏಳದ ಹಾಗೆ, ಕೆಲಸ ಮುಗಿಯುವ ತನಕ. ಬಿಸಿಗೆ ತೆಳು ತಗಡು ಸೊಟ್ಟಗಾಗಲು ನೋಡುತ್ತದೆ, ಅದನ್ನು ಏಳಗೊಡದೆ ಹಿಡಿಯಬೇಕು. ಈ ನಾಲ್ಕೂ ಅರ್ಥ 'ಅದುಮಿ ಹಿಡಿ' ಅನ್ನುವುದರಲ್ಲಿ ಸುಮ್ನೆ ಕೂತಿವೆ ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಹಾಗಂತ 'ಬಿಗಿ'ಯನ್ನು ಬಿಟ್ಟುಕೊಡಬೇಕಿಲ್ಲ. ಮುಂದೆ ಎಲ್ಲ ಸೆಲ್‌ಗಳನ್ನೂ ಒಂದರ ಪಕ್ಕ ಒಂದು ಜೋಡಿಸಿ, ಎರಡೂ ಕೊನೆಗೆ ದಪ್ಪ ಫಲಕ ಇಟ್ಟು, ಉದ್ದ ಸರಳು ಇಲ್ಲವೇ ಪಟ್ಟಿ ಹಾಕಿ ಗಟ್ಟಿ ಮಾಡುತ್ತಾರಲ್ಲ, ಅದು ನಿಜವಾಗಿ ಬಿಗಿಯುವ ಕೆಲಸ. ಇಂಗ್ಲಿಷಿನಲ್ಲಿ ಎರಡಕ್ಕೂ ಕ್ಲ್ಯಾಂಪ್ ಅಂತಲೇ ಬರೆದಿರುವುದನ್ನು ನೋಡಿದ್ದೇನೆ. ನಮಗೆ ಎರಡು ಪದ ಇದೆ, ಬೆಸೆಯುವಾಗ ಅದುಮು, ಜೋಡಿಸಿದ ಮೇಲೆ ಬಿಗಿ. ಕಲಿಯುವವರಿಗೆ ಇದರಿಂದ ತುಂಬಾ ಅನುಕೂಲ.

ಕ್ರಿಯಾಪದ ಸಿಕ್ಕಿತು, ನಾಮಪದ ಸಿಕ್ಕಿಲ್ಲ. ಅದುಮುವ ಸಾಧನ ಅಂದರೆ ಸೀಳು ಕೊರೆದ ಒಂದು ದಪ್ಪ ಲೋಹದ ಹಾಳೆ, ಬಿಸಿ ಬೇಗ ಎಳೆದುಕೊಳ್ಳಲಿ ಅಂತ ಕೆಲವೊಮ್ಮೆ ತಾಮ್ರದ್ದು. ಸೀಳಿನ ಮೂಲಕ ಕಿರಣ ಇಳಿಯುತ್ತದೆ. ಇಲ್ಲೊಂದು ಚೆಂದದ ತೊಡಕಿದೆ. ಅನಿಲ, ನೀರು ಹಾಯಲು ತಗಡಿನಲ್ಲಿ ಬಿಟ್ಟ ತೂತಿನ ಸುತ್ತ ಬೆಸುಗೆ ಪೂರ್ತಿ ಸುತ್ತು ಬರಬೇಕು, ಆದರೆ ಸೀಳು ಪೂರ್ತಿ ಸುತ್ತು ಬರುವ ಹಾಗಿಲ್ಲ. ರಟ್ಟಿನಲ್ಲಿ 'ಠ' ಅಕ್ಷರ ಕೊರೆಯಲು ಹೋದರೆ ಒಳಗಿನ ದುಂಡು ಕಳಚಿ ಬೀಳುತ್ತದಲ್ಲ, ಹಾಗೆಯೇ. ಅದಕ್ಕೆ ಒಂದು ಸಲ ಒಂದು ಹಾಳೆಯಿಂದ ಅದುಮಿ ಅರ್ಧ ಬೆಸೆದು, ಇನ್ನೊಂದು ಹಾಳೆಯಿಂದ ಅದುಮಿ ಉಳಿದದ್ದನ್ನು ಬೆಸೆಯುವ ಕ್ರಮ ಇದೆ. ಇದಕ್ಕೆ 'ಅದುಮುಹಾಳೆ' ಅನ್ನಬಹುದೇ? 'ಹಾಳೆ' ಅಂದರೆ ಕಾಗದದ ನೆನಪು ಬರುತ್ತದೆ ಅನ್ನುವ ಅಳುಕು ನನಗಿದೆ. 'ಅದುಮುಚೌಕಟ್ಟು' ಇನ್ನೂ ಗಟ್ಟಿ ಕೇಳಿಸುತ್ತದೆ, ಆದರೆ ಉದ್ದ. ಕಾರ್ಖಾನೆಯಲ್ಲಿ ಎಲ್ಲರೂ 'ಫಿಕ್ಸ್ಚರ್' ಅನ್ನುತ್ತಾರೆ, ಅದನ್ನೇ ಇಟ್ಟುಕೊಂಡರೂ ನನ್ನ ತಕರಾರಿಲ್ಲ.

ಇನ್ನೆರಡು ಚಿಕ್ಕ ವಿಷಯ.

ಲೇಸರ್ ತುಂಬಾ ಬೇಗ ಓಡಿಸಿದರೆ ಕರಗಿದ ಲೋಹ ಹಿಂದಕ್ಕೆ ನುಗ್ಗಿ ಅಲ್ಲಲ್ಲಿ ಗಡ್ಡೆ ಕಟ್ಟುತ್ತದೆ. ಬೆಸುಗೆ ಗೆರೆಯ ಮೇಲೆ ಒಂದು ಉಬ್ಬು, ಒಂದು ತಗ್ಗು, ಮತ್ತೆ ಉಬ್ಬು, ಮಣಿ ಪೋಣಿಸಿದ ಹಾಗೆ. ಎಷ್ಟು ಬೇಗ ಕೆಲಸ ಮಾಡಬಹುದು ಅನ್ನುವುದಕ್ಕೆ ಮಿತಿ ಹಾಕುವ ದೊಡ್ಡ ಕಾರಣಗಳಲ್ಲಿ ಇದೂ ಒಂದು. ಇದನ್ನು 'ಡುಬ್ಬ ಕಟ್ಟುವುದು' ಎಂದು ಬರೆದಿದ್ದೇನೆ. ಒಂಟೆಯ ಡುಬ್ಬ ಎಲ್ಲರಿಗೂ ಗೊತ್ತು, ಇದು ಹಾಗೇ ಇರಲಿ ಅಂತ ಆಸೆ.

ಎರಡನೆಯದು ಫ್ಯುಯೆಲ್ ಸೆಲ್. 'ಇಂಧನ ಕೋಶ' ಬಳಕೆಯಲ್ಲಿದೆ. ಕೆಲವರು 'ಉರುವಲು ಕೋಶ' ಅನ್ನೋಣ, ಅಚ್ಚಗನ್ನಡ ಆಗುತ್ತದೆ ಎಂದರು. ಉರುವಲು ಅಂದರೆ ಉರಿಯುವಂಥದ್ದು. ಇದರಲ್ಲಿ ಯಾವುದೂ ಉರಿಯುವುದಿಲ್ಲ, ಹೈಡ್ರೋಜನ್ ಮತ್ತು ಆಮ್ಲಜನಕ ಸೇರಿ ನೀರಾಗುವಾಗ ನೇರವಾಗಿ ಕರೆಂಟ್ ಬರುತ್ತದೆ. 'ಇಂಧನ'ದ ಮೂಲದಲ್ಲೂ ಉರಿಸುವ ಅರ್ಥವೇ ಇದೆ, ಆದರೆ ಇವತ್ತು ಆ ಪದ ಕೇಳಿದರೆ ಯಾರಿಗೂ ಬೆಂಕಿ ಕಣ್ಣಿಗೆ ಬರುವುದಿಲ್ಲ. ಹಾಗಾಗಿ ಇಂಧನ ಕೋಶವೇ ಇರಲಿ. ಹತ್ತೊಂಬತ್ತನೇ ಶತಮಾನದಲ್ಲಿ ಇದನ್ನು ಮೊದಲು ಮಾಡಿ ತೋರಿಸಿದ ವಿಲಿಯಂ ಗ್ರೋವ್ ಇದನ್ನು ಕರೆದಿದ್ದು ಗ್ಯಾಸ್ ಬ್ಯಾಟರಿ ಅಂತ, ನನಗೆ ಆ ಹೆಸರು ಇನ್ನೂ ಇಷ್ಟ.

ವೆಲ್ಡಿಂಗ್ ಕೆಲಸ ಮಾಡುವವರು ಇಲ್ಲಿ ಯಾರಾದರೂ ಇದ್ದರೆ ಒಂದು ಮಾತು ತಿಳಿಸಿ. ಪಕ್ಕದಲ್ಲಿ ನಿಂತವರಿಗೆ ತಗಡು ಏಳದ ಹಾಗೆ ನೋಡಿಕೋ ಅಂತ ಹೇಳುವಾಗ ನಿಮ್ಮ ಬಾಯಿಗೆ ಮೊದಲು ಬರುವ ಪದ ಯಾವುದು? 'ಅದುಮ್ಕೋ' ಅನ್ನುತ್ತೀರಾ, 'ಒತ್ಕೋ' ಅನ್ನುತ್ತೀರಾ, ಇಲ್ಲ ಬೇರೇನಾದರೂ ಇದೆಯಾ?