ವಿಶ್ವವಿದ್ಯಾಲಯಗಳ ವಸ್ತುಸಂಗ್ರಹಾಲಯಗಳು: ಬೆಂಗಳೂರಿನವರು ಎಲ್ಲಿಂದ ಆರಂಭಿಸಬೇಕು?

ಮಲ್ಲೇಶ್ವರದವಳು:
ನಮಸ್ಕಾರ. ಈಚೆಗೆ ನಿವೃತ್ತರಾದ ನಮ್ಮ ತಂದೆಯವರಿಗೆ ಶಾಸನ, ವೀರಗಲ್ಲು, ಜನಪದ ಕಲೆಗಳೆಂದರೆ ಬಹಳ ಆಸಕ್ತಿ. ಅವರನ್ನು ಕರೆದುಕೊಂಡು ನಮ್ಮ ವಿಶ್ವವಿದ್ಯಾಲಯಗಳಲ್ಲಿರುವ ವಸ್ತುಸಂಗ್ರಹಾಲಯಗಳನ್ನು ನೋಡಿ ಬರಬೇಕೆಂದಿದ್ದೇನೆ. ಹಿಂದೊಮ್ಮೆ ಭಾನುವಾರ ಒಂದು ಕ್ಯಾಂಪಸ್ಸಿಗೆ ಹೋಗಿ, ಬೀಗ ನೋಡಿಕೊಂಡು ಮರಳಿದ್ದೇವೆ. ಮೊದಲು ಎಲ್ಲಿಗೆ ಹೋಗುವುದು ಒಳ್ಳೆಯದು?

ಕೆರೆಏರಿ:
ಮೈಸೂರಿಗೆ ಹೋಗಿ. ಮಾನಸಗಂಗೋತ್ರಿಯಲ್ಲಿರುವ ಜಯಲಕ್ಷ್ಮೀ ವಿಲಾಸವನ್ನು 1905ರಲ್ಲಿ ಚಾಮರಾಜ ಒಡೆಯರ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯವರಿಗಾಗಿ ಕಟ್ಟಲಾಯಿತು. 1968ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯ ಇರುವುದು ಅಲ್ಲಿಯೇ. ಯಕ್ಷಗಾನದ ವೇಷಭೂಷಣಗಳಿಗಿಂತ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ತೊಗಲುಗೊಂಬೆಗಳು. ಮೇಕೆಯ ಚರ್ಮವನ್ನು ಬೆಳಕು ಹಾಯುವಷ್ಟು ತೆಳುವಾಗಿ ಹದಮಾಡಿ, ಬಣ್ಣ ಬಳಿದು, ಒಡವೆಯ ಜಾಗದಲ್ಲಿ ಸಣ್ಣ ಸಣ್ಣ ತೂತು ಕೊರೆದಿರುತ್ತಾರೆ. ಹಿಂದಿನಿಂದ ದೀಪ ಬಿದ್ದಾಗ ಆ ತೂತುಗಳೇ ಮುತ್ತಿನ ಸಾಲಾಗುತ್ತವೆ. ಕಟ್ಟಡ ಹಳೆಯದು, ದುರಸ್ತಿಯ ನೆಪದಲ್ಲಿ ಕೋಣೆಗಳನ್ನು ಮುಚ್ಚುವುದುಂಟು. ಆದ್ದರಿಂದ ಫೋನ್ ಮಾಡಿ ವಿಚಾರಿಸದೆ ಹೊರಡಬೇಡಿ.

ಕಲ್ಲುಬರಹ:
ತಂದೆಯವರಿಗೆ ಶಾಸನಗಳೇ ಮುಖ್ಯವಾದರೆ ಧಾರವಾಡವನ್ನು ಬಿಡಬೇಡಿ. ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ ಕನ್ನಡ ಸಂಶೋಧನ ಸಂಸ್ಥೆ 1939ರಷ್ಟು ಹಳೆಯದು. ಅಂದರೆ ವಿಶ್ವವಿದ್ಯಾಲಯಕ್ಕಿಂತ ಹಿರಿಯದು. ಅಲ್ಲಿನ ಸಂಗ್ರಹದಲ್ಲಿ ಶಿಲ್ಪಗಳೂ ಶಾಸನಗಳೂ ಇವೆ. ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಊರು ಸೇರಬಹುದು.

ಆದರೆ ಅದಕ್ಕೂ ಮೊದಲು, ವಿಶ್ವವಿದ್ಯಾಲಯದ್ದಲ್ಲವಾದರೂ, ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ, ನಾಯಿಯೊಂದರ ನೆನಪಿಗೆ ನಿಲ್ಲಿಸಿದ ಆತಕೂರು ಕಲ್ಲನ್ನು ನೋಡಿಕೊಳ್ಳಿ. ತೆರೆದಿದೆಯೇ ಎಂಬುದನ್ನು ಮಾತ್ರ ಮುಂಚೆಯೇ ತಿಳಿದುಕೊಳ್ಳಿ. ಚೋಳರ ವಿರುದ್ಧದ ತಕ್ಕೋಲದ ಯುದ್ಧದಲ್ಲಿ ತೋರಿದ ಪರಾಕ್ರಮಕ್ಕೆ ಏನು ಬೇಕೆಂದು ಗಂಗರ ಅರಸ ಬೂತುಗ ಕೇಳಿದಾಗ, ಅವನ ಯೋಧ ಮಣಲೇರ ಕೇಳಿಕೊಂಡದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಸುಮಾರು 949ರ ಈ ಕಲ್ಲಿನಲ್ಲಿ ಎರಡೂ ಸೆಣಸುತ್ತಿರುವುದನ್ನು ಕಂಡರಿಸಿದ್ದಾರೆ. ಸಾಮಾನ್ಯ ವೀರಗಲ್ಲುಗಳನ್ನಾದರೆ ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ. ಇಷ್ಟು ತಿಳಿದಿದ್ದರೆ ಧಾರವಾಡದಲ್ಲಿ ಫಲಕವಿಲ್ಲದ ಕಲ್ಲಿನ ಮುಂದೆಯೂ ಸುಮ್ಮನೆ ನಿಲ್ಲಬೇಕಾಗುವುದಿಲ್ಲ.

ಕೆರೆಏರಿ:
ಒಂದು ಮಾತು ಬಿಟ್ಟಿದ್ದೆ. ವಿಶ್ವವಿದ್ಯಾಲಯಗಳ ಸಂಗ್ರಹಾಲಯಗಳು ವಿಭಾಗಗಳ ಅಧೀನದಲ್ಲಿರುವುದರಿಂದ ಸಾಮಾನ್ಯವಾಗಿ ಕಚೇರಿಯ ವೇಳೆಯಲ್ಲಿ ಮಾತ್ರ ತೆರೆದಿರುತ್ತವೆ. ಕೆಲಸದ ದಿನವೇ ಹೋಗಿ, ಊಟದ ಹೊತ್ತನ್ನು ತಪ್ಪಿಸಿ.

ಮಲ್ಲೇಶ್ವರದವಳು:
ಇಬ್ಬರಿಗೂ ಧನ್ಯವಾದಗಳು. ತಂದೆಯವರಿಗೆ ಓದಿ ಹೇಳಿದೆ. ಮೈಸೂರು, ಧಾರವಾಡ ಆಮೇಲಾಗಲಿ, ಮೊದಲು ಕಾಳಿಯನ್ನು ನೋಡೋಣ ಎಂದರು. ಒಂದು ದಿನ ರಜೆ ಹಾಕುತ್ತಿದ್ದೇನೆ.