ಸಹಾಯ ಬೇಕು: ಲೆಕ್ಕಪರಿಶೋಧನೆಯ ಅಧ್ಯಯನಕ್ಕೆ ಅನುಭವಸ್ಥರ ಮಾತು

ಸದಸ್ಯರೆಲ್ಲರಿಗೂ ನಮಸ್ಕಾರ. ನಾನು ಮಂಜೇಶ್ವರ ತಾಲೂಕಿನವಳು, ವಾಣಿಜ್ಯಶಾಸ್ತ್ರದ ಸಂಶೋಧನಾರ್ಥಿ. 2023ರ ಏಪ್ರಿಲ್ 1ರಿಂದ, ಲೆಕ್ಕ ಬರೆಯಲು ತಂತ್ರಾಂಶ ಬಳಸುವ ಪ್ರತಿಯೊಂದು ಕಂಪನಿಯೂ ಪ್ರತಿ ವ್ಯವಹಾರದ ತಿದ್ದುಪಡಿಯನ್ನು ದಿನಾಂಕಸಹಿತ ದಾಖಲಿಸುವ, ಯಾರೂ ನಿಲ್ಲಿಸಲಾಗದ 'ಆಡಿಟ್ ಟ್ರೇಲ್' ಸೌಲಭ್ಯವುಳ್ಳ ತಂತ್ರಾಂಶವನ್ನೇ ಬಳಸಬೇಕೆಂಬ ನಿಯಮವಿದೆ. ಅದು ವರ್ಷವಿಡೀ ಚಾಲನೆಯಲ್ಲಿತ್ತೇ, ಅದನ್ನು ತಿರುಚಲಾಗಿದೆಯೇ ಎಂಬುದನ್ನು ಲೆಕ್ಕಪರಿಶೋಧಕರು ತಮ್ಮ ವರದಿಯಲ್ಲಿ ಹೇಳಬೇಕು.

ನನ್ನ ಕುತೂಹಲವಿರುವುದು ಇಲ್ಲಿಯೇ. ಪರದೆಯ ಮೇಲೆ ಮಾಡಿದ ತಿದ್ದುಪಡಿ ದಾಖಲಾದರೂ, ಲೆಕ್ಕದ ಮಾಹಿತಿಯೆಲ್ಲ ಶೇಖರವಾಗಿರುವ ದತ್ತಸಂಚಯಕ್ಕೇ (ಡೇಟಾಬೇಸ್) ನೇರವಾಗಿ ಕೈಹಾಕಿ ಮಾಡಿದ ಬದಲಾವಣೆ ದಾಖಲಾಗದಿರಬಹುದು. ಹಲವು ದೊಡ್ಡ ಕಂಪನಿಗಳ ವರದಿಗಳಲ್ಲಿಯೇ ಈ ಕೊರತೆಯ ಉಲ್ಲೇಖವಿರುವಾಗ, ಒಬ್ಬರೇ ಗುಮಾಸ್ತರು ಎಲ್ಲವನ್ನೂ ನಿಭಾಯಿಸುವ ನಮ್ಮೂರಿನ ಸಣ್ಣ ಖಾಸಗಿ ಕಂಪನಿಗಳಲ್ಲಿ ಪರಿಶೋಧಕರು ಇದನ್ನು ಹೇಗೆ ಪರೀಕ್ಷಿಸುತ್ತಾರೆ? ಪುಸ್ತಕಗಳಿಂದ ಇದಕ್ಕೆ ಉತ್ತರ ಸಿಗುವಂತೆ ನನಗೆ ತೋರುತ್ತಿಲ್ಲ.

ಆದ್ದರಿಂದ ಕಾಸರಗೋಡು, ಕುಂಬಳೆ, ಉಪ್ಪಳ, ಬದಿಯಡ್ಕ ಭಾಗಗಳಲ್ಲಿ ಕಂಪನಿಗಳ ಲೆಕ್ಕ ಬರೆಯುವವರು ಅಥವಾ ಪರಿಶೋಧಿಸುವವರು ಅರ್ಧ ಗಂಟೆ ಮಾತಿಗೆ ಸಿಕ್ಕರೆ ದೊಡ್ಡ ಉಪಕಾರವಾಗುತ್ತದೆ. ಕಂಪನಿಯ ಹೆಸರಾಗಲಿ ಅಂಕಿಅಂಶವಾಗಲಿ ಬೇಡ. ಕೆಲಸದ ಕ್ರಮ ತಿಳಿದರೆ ಸಾಕು. ಪ್ರಶ್ನಾವಳಿ ಕನ್ನಡದಲ್ಲಿ ಸಿದ್ಧವಿದೆ, ಮಲಯಾಳಕ್ಕೆ ಅನುವಾದಿಸಬಲ್ಲವರೂ ಬೇಕಾಗಿದ್ದಾರೆ. 'ಆಡಿಟ್ ಟ್ರೇಲ್'ಗೆ ಸದ್ಯ 'ಲೆಕ್ಕದ ಜಾಡು' ಎಂದು ಬರೆದುಕೊಂಡಿದ್ದೇನೆ. ಓದಿದಾಗ ಕಾಡುಹಂದಿಯನ್ನು ಅರಸಿ ಹೊರಟಂತಿದೆ. ಇದಕ್ಕಿಂತ ಒಳ್ಳೆಯ ಪದ ಹೊಳೆದವರು ದಯವಿಟ್ಟು ಇಲ್ಲಿಯೇ ತಿಳಿಸಿ.